ಕ್ರಾಫ್ಟ್ ಬಿಯರ್‌ಗೆ ನಾಲಗೆ ಪಳಗಿಸುವುದು ಹೇಗೆ

ಬಿಯರನ್ನು ತಾನೇ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗೆ ಮೊದಲ ಸಲ ಹೋದವರಲ್ಲಿ ಬಹಳಷ್ಟು ಜನ ಒಂದೇ ತಪ್ಪು ಮಾಡುತ್ತಾರೆ. ಜೊತೆಗಿದ್ದವರ ಮಾತು ಕೇಳಿ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಕಹಿ ಹೆಚ್ಚಿರುವ ಬಿಯರ್ ಒಂದು ದೊಡ್ಡ ಗ್ಲಾಸು ತರಿಸುತ್ತಾರೆ, ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ, ಕೊಟ್ಟ ದುಡ್ಡಿಗೆ ಕಷ್ಟಪಟ್ಟು ಮುಗಿಸುತ್ತಾರೆ. ಮುಂದಿನ ಸಲ ಮತ್ತೆ ಹಳೇ ಲಾಗರ್, ಅಂದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ತಿಳಿ ಬಿಯರ್. ಐಪಿಎ ಕೆಟ್ಟದ್ದೂ ಅಲ್ಲ, ಅವರ ನಾಲಗೆ ಮಂದವೂ ಅಲ್ಲ. ಮೂರು ಮೆಟ್ಟಿಲು ಬಿಟ್ಟು ನಾಲ್ಕನೆಯದಕ್ಕೆ ಕಾಲಿಟ್ಟದ್ದಷ್ಟೇ ಎಡವಟ್ಟು.

ಕ್ರಾಫ್ಟ್ ಬಿಯರಿನ, ಅಂದರೆ ಇಂಥ ಚಿಕ್ಕ ಬ್ರೂವರಿಗಳ ಬಿಯರಿನ ರುಚಿ ಹತ್ತುವುದು ಹೆಚ್ಚು ಕುಡಿಯುವುದರಿಂದ ಅಲ್ಲ, ಹೋಲಿಸಿ ನೋಡುವುದರಿಂದ. ಎರಡು ಬಿಯರ್ ಪಕ್ಕಪಕ್ಕ ಇಟ್ಟು ಇದರಲ್ಲಿ ಇರುವುದು ಅದರಲ್ಲಿ ಯಾಕಿಲ್ಲ ಎಂದು ಕೇಳಿಕೊಂಡರೆ ಐವತ್ತು ಮಿಲಿಲೀಟರಿನಲ್ಲೇ ಕಲಿಯುವುದಿದೆ. ಅದಕ್ಕೆ ಬೇಕಾದ ಮಾತುಗಳು ಕನ್ನಡದ ಅಡುಗೆಮನೆಯಲ್ಲಿ ಧಾರಾಳವಾಗಿವೆ. ಇಲ್ಲಿರುವ ಕ್ರಮವನ್ನು ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಸಿಗುವ ಬಿಯರುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. 2010–11ರ ಹೊತ್ತಿಗೆ ಅಲ್ಲಿ ಮೈಕ್ರೋಬ್ರೂವರಿಗಳು ಶುರುವಾದವು. ಈಗ ಇಂದಿರಾನಗರದಿಂದ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯವರೆಗೆ ಎಲ್ಲಿ ಹೋದರೂ ಐದಾರು ಬಗೆ ಸಿಗುತ್ತವೆ.

ಇದು ಈಗಾಗಲೇ ಬಿಯರ್ ಕುಡಿಯುವ ವಯಸ್ಕರಿಗಾಗಿ. ಕುಡಿಯದವರು ಶುರು ಮಾಡಬೇಕಾದ ಕಾರಣ ಇದರಲ್ಲಿ ಒಂದೂ ಇಲ್ಲ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಮದ್ಯದ ಜೊತೆ ಹೊಂದದ ಔಷಧಿ ತೆಗೆದುಕೊಳ್ಳುತ್ತಿರುವವರು, ಕಷ್ಟಪಟ್ಟು ಕುಡಿತ ಬಿಟ್ಟವರು ಇದನ್ನು ಪಕ್ಕಕ್ಕಿಡಿ.

ಕಹಿಯ ವಿಷಯ ಮೊದಲು

ಕಹಿ ಕಂಡರೆ ನಾಲಗೆ ಹಿಂಜರಿಯುವುದು ಸಹಜ. ಗಿಡಮರಗಳ ವಿಷಗಳಲ್ಲಿ ಬಹಳಷ್ಟು ಕಹಿ. ಹಾಗಾಗಿ ಸಿಹಿ ಗುರುತಿಸಲು ಒಂದೇ ಬಗೆಯ ಗ್ರಾಹಕ ಇಟ್ಟುಕೊಂಡಿರುವ ನಮ್ಮ ದೇಹ ಕಹಿಗೆ ಸುಮಾರು 25 ಬಗೆ ಇಟ್ಟುಕೊಂಡಿದೆ. ಅಪರಿಚಿತ ಕಹಿ ಬಾಯಿಗೆ ಬಿದ್ದರೆ ಉಗುಳು ಎನ್ನುವುದೇ ಅದರ ಮೊದಲ ಆಜ್ಞೆ. ಆ ಕಹಿಯಿಂದ ಏನೂ ಆಗಲಿಲ್ಲ, ಜೊತೆಗೆ ಒಳ್ಳೆಯ ಘಮವೂ ಬಂತು ಎಂದು ಹಲವು ಸಲ ಗೊತ್ತಾದ ಮೇಲೆ ಹಿಂಜರಿಕೆ ಸಡಿಲವಾಗುತ್ತದೆ. ಹಾಲು ಸಕ್ಕರೆ ಹಾಕಿದ ಕಾಫಿಯಿಂದ ಶುರು ಮಾಡಿ ಕ್ರಮೇಣ ಗಟ್ಟಿ ಡಿಕಾಕ್ಷನ್ನಿಗೆ ಬಂದವರೆಲ್ಲ ಈ ದಾರಿಯಲ್ಲೇ ನಡೆದವರು.

ಹಾಗಲಕಾಯಿ ಗೊಜ್ಜು ತಿಂದು ಬೆಳೆದವರಿಗೆ ಬಿಯರಿನ ಅರ್ಧ ಪಾಠ ಆಗಲೇ ಆಗಿದೆ. ಗೊಜ್ಜಿನಲ್ಲಿ ಕಹಿ ಹೋಗಿರುವುದಿಲ್ಲ, ಬೆಲ್ಲ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಬಿಯರಿನಲ್ಲಿ ಆ ಬೆಲ್ಲದ ಕೆಲಸ ಮಾಲ್ಟಿನದು, ಹಾಗಲದ ಕೆಲಸ ಹಾಪ್ಸಿನದು. ಹಾಪ್ಸ್ ಎಂದರೆ ಬಳ್ಳಿಯೊಂದರ ಹಸಿರು ಹೂಗೊಂಚಲು. ಅದನ್ನು ಒಂದು ಗಂಟೆ ಕುದಿಸಿದರೆ ಅದರ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿ ಬಿಡುತ್ತವೆ, ಆದರೆ ಘಮ ಆವಿಯಾಗಿ ಹೋಗುತ್ತದೆ. ಕುದಿ ಮುಗಿಯುವ ಹೊತ್ತಿಗೋ ತಣ್ಣಗಾದ ಮೇಲೋ ಹಾಕಿದರೆ ಕಹಿ ಕಡಿಮೆ, ಘಮ ಹೆಚ್ಚು. ಒಗ್ಗರಣೆಯ ಇಂಗು, ಕೊನೆಯಲ್ಲಿ ಉದುರಿಸುವ ಕೊತ್ತಂಬರಿ ಸೊಪ್ಪಿನ ಲೆಕ್ಕವೇ ಇಲ್ಲೂ ನಡೆಯುತ್ತದೆ.

ಬ್ರೂಪಬ್ ಪಟ್ಟಿಯಲ್ಲಿ ಐಬಿಯು ಎಂಬ ಸಂಖ್ಯೆ ಇರುತ್ತದೆ. ಅದು ಕಹಿಯ ಅಳತೆ, ಆದರೆ ಕಹಿ ಎಷ್ಟು ಅನ್ನಿಸುತ್ತದೆ ಎಂಬುದರ ಅಳತೆಯಲ್ಲ. ಗೋಧಿ ಬಿಯರ್ ಸಾಮಾನ್ಯವಾಗಿ 8ರಿಂದ 15, ಐಪಿಎ 40ರಿಂದ 70. 35 ಐಬಿಯು ಇರುವ ಸ್ಟೌಟ್ ಎಂಬ ಕಪ್ಪು ಬಿಯರ್ ತುಂಬಿಕೊಂಡಂತೆ ಮೆತ್ತಗಿರಬಹುದು. ಅಷ್ಟೇ ಐಬಿಯು ಇರುವ ಪಿಲ್ಸನರ್ ಎಂಬ ತೆಳ್ಳನೆಯ ಲಾಗರ್ ಚುರುಕಾಗಿ ಕಚ್ಚಬಹುದು, ಅದರಲ್ಲಿ ಉಳಿದ ಸಿಹಿ ಕಡಿಮೆಯಾದ್ದರಿಂದ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕೆಲವರಿಗೆ ಹುಟ್ಟಿನಿಂದಲೇ ಕಹಿ ಜೋರಾಗಿ ತಿಳಿಯುತ್ತದೆ, ಅದು ವಂಶವಾಹಿಯ ವಿಚಾರ. ಅಂಥವರಿಗೆ ಎಷ್ಟು ಅಭ್ಯಾಸ ಮಾಡಿದರೂ ಐಪಿಎ ಹಿಡಿಸದಿರಬಹುದು. ಅದಕ್ಕೆ ಬೇಸರಪಟ್ಟುಕೊಳ್ಳಬೇಕಿಲ್ಲ. ಐಪಿಎ ಮುಟ್ಟದೆಯೂ ಬಿಯರನ್ನು ಆಳವಾಗಿ ಬಲ್ಲವರಾಗಬಹುದು.

ಕಹಿ ಬೇರೆ, ಒಗರು ಬೇರೆ

ಬಿಯರ್ ಚೆನ್ನಾಗಿಲ್ಲ ಎನ್ನುವವರನ್ನು ಏನು ಚೆನ್ನಾಗಿಲ್ಲ ಎಂದು ಕೇಳಿದರೆ ಕಹಿ ಎಂಬ ಒಂದೇ ಮಾತು ಬರುತ್ತದೆ. ಆದರೆ ನಮ್ಮ ಭಾಷೆಯಲ್ಲಿ ಕಹಿ, ಒಗರು, ಖಾರ, ಹುಳಿ, ಕಮಟು, ಮುಗ್ಗಲು, ಸೀದದ್ದು, ಹಳಸಿದ್ದು ಎಲ್ಲಕ್ಕೂ ಬೇರೆಬೇರೆ ಮಾತಿದೆ. ಇವನ್ನು ಬಳಸಿದ ಕ್ಷಣವೇ ಅರ್ಧ ಗೊಂದಲ ಕರಗುತ್ತದೆ.

ಕಹಿ ನಾಲಗೆಗೆ ತಿಳಿಯುವ ರುಚಿ. ಒಗರು ರುಚಿಯೇ ಅಲ್ಲ, ಬಾಯಿಯ ಒಳಚರ್ಮ ಬಿಗಿದು ಒರಟಾಗುವ ಸ್ಪರ್ಶ. ನೆಲ್ಲಿಕಾಯಿ, ಎಳೆ ಅಡಿಕೆ, ಬಲಿಯದ ಬಾಳೆಕಾಯಿ ತಿಂದಾಗ ಆಗುವುದು ಅದೇ. ಹಾಪ್ಸಿನ ಕಹಿ ಬಂದು, ನಿಂತು, ಸ್ವಚ್ಛವಾಗಿ ಇಳಿದು ಹೋಗಬೇಕು. ಗುಟುಕು ಇಳಿದ ಮೇಲೂ ಕೆನ್ನೆಯ ಒಳಗೆ ಚಹಾ ಚರಟ ನೆಕ್ಕಿದ ಹಾಗೆ ಒರಟು ಉಳಿದರೆ ಅದು ಒಗರು. ಕಾಳಿನ ಹೊಟ್ಟನ್ನು ವಿಪರೀತ ಬಿಸಿಯಲ್ಲಿ, ವಿಪರೀತ ನೀರಿನಲ್ಲಿ ತೊಳೆದಾಗ ಟ್ಯಾನಿನ್ ಎಂಬ ಒಗರಿನ ವಸ್ತು ಬಿಟ್ಟು ಹಾಗಾಗುತ್ತದೆ. ಮೊದಲನೆಯದು ಬಿಯರ್ ತಯಾರಿಸುವ ಬ್ರೂವರ್ ಬೇಕೆಂದು ತಂದದ್ದು, ಎರಡನೆಯದು ಹೆಚ್ಚಿನ ಸಲ ಕೈತಪ್ಪಿದ್ದು.

ಮಾಲ್ಟ್ ಎಂದರೆ ಏನೆಂದು ರಾಗಿ ಮಾಲ್ಟ್ ಕುಡಿದವರಿಗೆ ಹೇಳಬೇಕಿಲ್ಲ. ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸುವುದು. ಬಿಯರಿನಲ್ಲಿ ರಾಗಿಯ ಜಾಗದಲ್ಲಿ ಬಾರ್ಲಿ. ಹದವಾಗಿ ಒಣಗಿಸಿದರೆ ಬ್ರೆಡ್ಡಿನ, ಹಸಿ ಹಿಟ್ಟಿನ ವಾಸನೆ. ಇನ್ನಷ್ಟು ಕಾಯಿಸಿದರೆ ಬಿಸ್ಕತ್ತು, ಹುರಿಹಿಟ್ಟು. ಇನ್ನೂ ಮುಂದೆ ಹೋದರೆ ಬೆಲ್ಲದ ಪಾಕ, ಒಣದ್ರಾಕ್ಷಿ, ಕೊನೆಗೆ ಕಾಫಿ ಮತ್ತು ಕೋಕೋ. ಇಂಗ್ಲೆಂಡಿನ ಡೇನಿಯಲ್ ವೀಲರ್ 1817ರಲ್ಲಿ ಕಾಫಿ ಹುರಿಯುವಂಥ ಡ್ರಮ್ಮಿನಲ್ಲಿ ಮಾಲ್ಟನ್ನು ಬೆಂಕಿ ಹತ್ತದಂತೆ ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಒಂದು ಹಿಡಿ ಕಪ್ಪು ಮಾಲ್ಟಿನಿಂದಲೇ ಪೋರ್ಟರ್ ಎಂಬ ಗಾಢ ಬಿಯರಿಗೆ ಪೂರ್ತಿ ಬಣ್ಣ ತರುವುದು ಸಾಧ್ಯವಾಯಿತು. ಸ್ಟೌಟಿನಲ್ಲಿ ಕಾಫಿಯ ಘಮ ಬರುವುದು ಆಶ್ಚರ್ಯವಲ್ಲ, ಎರಡೂ ಕಾಳನ್ನು ಹುರಿದದ್ದರ ಫಲ.

ಪಬ್ಬಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಪ್ರಯೋಗ

ಸಾಮಾನ್ಯ ಲಾಗರಿನ 650 ಮಿ.ಲೀ. ಬಾಟಲಿ ಒಂದು, ಒಂದೇ ಅಳತೆಯ ಆರು ಗಾಜಿನ ಲೋಟ, ಇಬ್ಬರು ಜನ. ಬಾಟಲಿ ಫ್ರಿಜ್ಜಿನಲ್ಲಿ ತಣ್ಣಗಿರಲಿ. ಹಿಂದಿನ ದಿನವೇ ಇವನ್ನು ಮಾಡಿ ಫ್ರಿಜ್ಜಿನಲ್ಲಿಡಿ:

ಸಕ್ಕರೆ ಪಾಕ: ಸಕ್ಕರೆ, ನೀರು ಸಮಪಾಲು, ಕರಗಿಸಿ ಆರಿಸಿದ್ದು.
ಹಾಗಲ ನೀರು: ಆರೇಳು ತೆಳು ಬಿಲ್ಲೆ, 50 ಮಿ.ಲೀ. ಕುದಿನೀರಿನಲ್ಲಿ 10 ನಿಮಿಷ, ಸೋಸಿದ್ದು.
ಚಹಾ ಕಷಾಯ: ಒಂದು ಚಮಚ ಪುಡಿ, 50 ಮಿ.ಲೀ. ನೀರಿನಲ್ಲಿ 10 ನಿಮಿಷ ಕುದಿಸಿ ಸೋಸಿದ್ದು.
ಫಿಲ್ಟರ್ ಡಿಕಾಕ್ಷನ್: ಹಾಲು ಸಕ್ಕರೆ ಇಲ್ಲದೆ.
ಲವಂಗದ ನೀರು: ಜಜ್ಜಿದ ನಾಲ್ಕು ಲವಂಗ, 50 ಮಿ.ಲೀ. ಬಿಸಿನೀರಿನಲ್ಲಿ 10 ನಿಮಿಷ, ಸೋಸಿದ್ದು.

ಪ್ರತಿ ಲೋಟಕ್ಕೆ 100 ಮಿ.ಲೀ. ಬಿಯರನ್ನು ಅಂಚಿನ ಗುಂಟ ನಿಧಾನ ಬಗ್ಗಿಸಿ. ಒಂದನ್ನು ಹಾಗೇ ಬಿಡಿ. ಉಳಿದ ಐದಕ್ಕೆ ಕ್ರಮವಾಗಿ ಪಾಕ ಒಂದು ಚಹಾ ಚಮಚ, ಹಾಗಲ ನೀರು ಒಂದು, ಚಹಾ ಕಷಾಯ ಎರಡು, ಡಿಕಾಕ್ಷನ್ ಒಂದು, ಲವಂಗದ ನೀರು ಅರ್ಧ. ಪಾಕದ ಬದಲು ಹರಳು ಸಕ್ಕರೆ ಹಾಕಬೇಡಿ. ಹರಳಿನ ಒರಟು ಮೈಮೇಲೆ ಗಾಳಿಗುಳ್ಳೆ ಒಮ್ಮೆಲೇ ಹುಟ್ಟಿ ನೊರೆ ಉಕ್ಕಿ ಮೇಜೆಲ್ಲ ಆಗುತ್ತದೆ, ಲೋಟದಲ್ಲಿ ಉಳಿದದ್ದು ಚಪ್ಪೆಯಾಗುತ್ತದೆ.

ಒಂದೊಂದನ್ನೂ ಮೊದಲು ಮೂಸಿ, ಆಮೇಲೆ ಒಂದು ಗುಟುಕು. ಪ್ರತಿ ಸಲ ಏನೂ ಹಾಕದ ಲೋಟಕ್ಕೆ ಹಿಂದಿರುಗಿ. ಹಾಗಲ ನೀರಿನಲ್ಲಿ ಕಾಯಿಯ ಹಸಿ ವಾಸನೆ ಸ್ವಲ್ಪ ಇರುತ್ತದೆ, ಅದನ್ನು ಬಿಟ್ಟು ಕಹಿಯನ್ನಷ್ಟೇ ಗಮನಿಸಿ. ಹಾಗಲದ ಲೋಟಕ್ಕೂ ಚಹಾ ಲೋಟಕ್ಕೂ ಇರುವ ವ್ಯತ್ಯಾಸ ಬಾಯಿಗೆ ಸ್ಪಷ್ಟವಾದರೆ ಕಹಿ-ಒಗರಿನ ಪಾಠ ಮುಗಿಯಿತು. ಕೊನೆಗೆ ಹಾಗಲದ ಲೋಟಕ್ಕೆ ಅರ್ಧ ಚಮಚ ಪಾಕ ಸೇರಿಸಿ ಮತ್ತೆ ನೋಡಿ. ಕಹಿ ಅಷ್ಟೇ ಇದ್ದರೂ ಒಪ್ಪವಾಗಿ ಕೂರುತ್ತದೆ. ಬ್ರೂವರುಗಳು ಸಮತೋಲ ಎನ್ನುವುದು ಇದಕ್ಕೇ.

ಗ್ಲಾಸು, ಬಿಸಿ, ಮೂಗು

ಬಾಟಲಿಗೆ ಬಾಯಿ ಇಟ್ಟು ಕುಡಿದರೆ ಮೂಗಿಗೆ ಏನೂ ಸಿಗುವುದಿಲ್ಲ. ನಾಲಗೆ ಹೇಳುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಇಷ್ಟೇ. ಬಾಳೆಹಣ್ಣು, ಲವಂಗ, ಕಾಫಿ, ಮಾವು ಎಲ್ಲ ಮೂಗಿನ ಲೆಕ್ಕ. ನೆಗಡಿಯಾದಾಗ ಸಾರು ಸಪ್ಪೆ ಅನ್ನಿಸುವುದು ಅದಕ್ಕೇ. ನೆಗಡಿ ಇರುವ ದಿನ ಬಿಯರ್ ಕಲಿಯಲು ಕೂರಬೇಡಿ, ವ್ಯರ್ಥ.

ಗ್ಲಾಸನ್ನು ಸೋಪಿನಿಂದ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ, ಬೋರಲು ಹಾಕಿ ಗಾಳಿಗೆ ಆರಿಸಿ. ಬಟ್ಟೆಯಲ್ಲಿ ಒರೆಸಿದರೆ ಎಳೆ, ಜಿಡ್ಡು, ಮುಗ್ಗಲು ವಾಸನೆ ಅಂಟುತ್ತದೆ. ಬಿಯರ್ ಸುರಿದಾಗ ಗಾಜಿನ ಒಳಮೈಗೆ ಗುಳ್ಳೆಗಳು ಅಂಟಿ ನಿಂತಿದ್ದರೆ ಅಲ್ಲಿ ಕೊಳೆ ಅಥವಾ ಜಿಡ್ಡಿದೆ ಎಂದೇ ಅರ್ಥ. ಚೊಕ್ಕಟ ಗ್ಲಾಸಿನಲ್ಲಿ ಗುಟುಕು ಗುಟುಕಿಗೂ ನೊರೆಯ ಬಳೆಯೊಂದು ಉಳಿಯುತ್ತಾ ಹೋಗುತ್ತದೆ. ಪಬ್ಬಿನಲ್ಲೂ ಇದನ್ನು ನೋಡಿ, ಕೊಳಕು ಗ್ಲಾಸಾದರೆ ಬದಲಿಸಿ ಕೊಡಲು ಕೇಳಿ.

ಸುರಿಯುವಾಗ ಗ್ಲಾಸನ್ನು 45 ಡಿಗ್ರಿ ಓರೆ ಹಿಡಿದು ಅರ್ಧ ತುಂಬಿಸಿ, ಆಮೇಲೆ ನೆಟ್ಟಗೆ ಮಾಡಿ ಮಧ್ಯಕ್ಕೆ ಸುರಿಯಿರಿ. ಎರಡು ಬೆರಳು ನೊರೆ ಇರಲಿ. ನೊರೆ ಮೋಸ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಘಮವನ್ನು ಮೇಲಕ್ಕೆ ಹೊತ್ತು ತರುವುದೇ ನೊರೆ. ಹೊಟ್ಟೆಯಲ್ಲಿ ಬಿಡುವ ಗ್ಯಾಸು ಗ್ಲಾಸಿನಲ್ಲೇ ಬಿಟ್ಟುಹೋಗುವುದೂ ಹೀಗೆ ಸುರಿದಾಗಲೇ.

ಮಂಜುಗಟ್ಟಿದ ಮಗ್ಗಿನಲ್ಲಿ ಕುಡಿಯುವುದು ಬಿಸಿಲಿಗೆ ಹಿತ, ಕಲಿಕೆಗೆ ಅಡ್ಡಿ. ತಣ್ಣಗಿದ್ದಷ್ಟೂ ಘಮ ಏಳುವುದಿಲ್ಲ, ಸಿಹಿ ಮಂಕಾಗುತ್ತದೆ. ತಿಳಿ ಲಾಗರ್ 4–6 ಡಿಗ್ರಿ ಸೆಲ್ಸಿಯಸ್, ಗೋಧಿ ಬಿಯರ್ 5–8, ಪೇಲ್ ಏಲ್ ಮತ್ತು ಐಪಿಎ 7–10, ಸ್ಟೌಟ್ 10–13 ಇದ್ದರೆ ಸರಿ. ಥರ್ಮಾಮೀಟರ್ ಬೇಡ. ಫ್ರಿಜ್ಜಿನಿಂದ ತೆಗೆದ ಸ್ಟೌಟನ್ನು ಬೆಂಗಳೂರಿನಲ್ಲಾದರೆ 15–20 ನಿಮಿಷ ಹೊರಗಿಡಿ. ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಬೇಸಿಗೆಯಾದರೆ 10 ನಿಮಿಷ ಸಾಕು.

ಈಗ ಗುಟುಕು. ಗ್ಲಾಸನ್ನು ಮೆಲ್ಲಗೆ ಒಂದು ಸುತ್ತು ಆಡಿಸಿ, ಮೂಗು ಹತ್ತಿರ ತಂದು ಎರಡು ಮೂರು ಚಿಕ್ಕ ಉಸಿರು ಎಳೆಯಿರಿ. ದೀರ್ಘವಾಗಿ ಎಳೆದರೆ ಮೂಗು ಬೇಗ ದಣಿಯುತ್ತದೆ. ಒಂದು ದೊಡ್ಡ ಚಮಚದಷ್ಟು ಬಾಯಿಗೆ ತೆಗೆದುಕೊಂಡು, ಎರಡು ಮೂರು ಸೆಕೆಂಡು ನಾಲಗೆ ಮೇಲೆಲ್ಲ ಹರಿಸಿ ನುಂಗಿ. ನುಂಗಿದ ಕೂಡಲೇ ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂಬದಿಯಿಂದ ಘಮ ಮೂಗಿಗೆ ಏರುವುದು ಆಗಲೇ. ಹೆಚ್ಚಿನವರು ಬಿಡುವ ಹಂತ ಇದೇ, ಅತಿ ಹೆಚ್ಚು ಕಲಿಸುವ ಹಂತವೂ ಇದೇ.

ನಾಲ್ಕು ಕೂಟ, ಒಂದೊಂದರಲ್ಲಿ ಮೂರು ನಾಲ್ಕು ಗ್ಲಾಸು

ಒಂದು ಕೂಟಕ್ಕೂ ಇನ್ನೊಂದಕ್ಕೂ ಕನಿಷ್ಠ ಒಂದು ವಾರ ಬಿಡುವಿರಲಿ. ಸ್ಯಾಂಪ್ಲರ್ ಗ್ಲಾಸುಗಳನ್ನೇ ತರಿಸಿ, ತಲಾ 100 ಮಿ.ಲೀ. ಆಸುಪಾಸು. ನಾಲ್ಕೈದರ ನಂತರ ಮೂಗು ದಣಿದಿರುತ್ತದೆ, ಮದ್ಯ ತಲೆಗೇರಿರುತ್ತದೆ, ಎಲ್ಲ ಚೆನ್ನಾಗಿದೆ ಎನ್ನಿಸಲು ಶುರುವಾಗುತ್ತದೆ. ಆದ್ದರಿಂದ ಒಟ್ಟು 500 ಮಿ.ಲೀ. ದಾಟಬೇಡಿ. ಶೇ. 5ರ ಬಿಯರ್ ಅಷ್ಟು ಕುಡಿದರೆ ಒಳಗೆ ಹೋಗುವುದು 25 ಮಿ.ಲೀ. ಶುದ್ಧ ಆಲ್ಕೋಹಾಲ್, ಅದೂ ಕಡಿಮೆಯಲ್ಲ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಎರಡು ಗ್ಲಾಸಿಗೇ ಅದು ದಾಟಬಹುದು, ಹಾಗಾಗಿ ಮೆಟ್ರೋ ಅಥವಾ ಕ್ಯಾಬ್.

ಕ್ರಮ ಯಾವಾಗಲೂ ತಿಳಿಯಿಂದ ಗಾಢಕ್ಕೆ, ಕಹಿ ಕಡಿಮೆಯಿಂದ ಹೆಚ್ಚಿಗೆ. ಐಪಿಎ ಆದ ಮೇಲೆ ಗೋಧಿ ಬಿಯರ್ ಕುಡಿದರೆ ನೀರಿನಂತಿರುತ್ತದೆ. ನಡುನಡುವೆ ನೀರು, ಸಪ್ಪೆ ಬ್ರೆಡ್ಡು. ಮಸಾಲೆ ಕಡಲೆಬೀಜ ಆ ಹೊತ್ತಿಗೆ ದೂರವಿರಲಿ. ಖಾರ ನಾಲಗೆ ಕೆಡಿಸುತ್ತದೆ, ತುಟಿಯ ಎಣ್ಣೆ ನೊರೆಯನ್ನು ಕೊಲ್ಲುತ್ತದೆ.

ಮೊದಲ ಕೂಟ ಗೋಧಿ ಬಿಯರುಗಳದ್ದು. ಜರ್ಮನಿಯ ಬವೇರಿಯಾದ ಹೆಫೆವೈಜನ್ ಮತ್ತು ಬೆಲ್ಜಿಯಂನ ವಿಟ್‌ಬಿಯರ್ ಪಕ್ಕಪಕ್ಕ ಇಡಿ, ಹೋಲಿಕೆಗೆ ಒಂದು ಸಾದಾ ಲಾಗರ್. ಎರಡೂ ಮಬ್ಬಾಗಿರುತ್ತವೆ, ಎರಡೂ ಮೆತ್ತಗೆ, ಕಹಿ ನೆಪಕ್ಕೆ. ಆದರೆ ಘಮದ ಮೂಲವೇ ಬೇರೆ. ಹೆಫೆವೈಜನ್ ಮೂಸಿದರೆ ಕಳಿತ ಪಚ್ಚಬಾಳೆ, ಹಿಂದೆ ಲವಂಗ. ಅದರೊಳಗೆ ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಯೀಸ್ಟ್ ಹುದುಗಿಸುವಾಗ ತಾನೇ ಹುಟ್ಟಿಸುವ ಐಸೋಅಮೈಲ್ ಅಸಿಟೇಟ್ ಎಂಬುದು ನಿಜವಾದ ಬಾಳೆಹಣ್ಣಿನಲ್ಲೂ ಇರುವ ವಸ್ತು. ಹುದುಗುವ ತೊಟ್ಟಿ ಬೆಚ್ಚಗಿದ್ದರೆ ಬಾಳೆ ಏರುತ್ತದೆ. ವಿಟ್‌ಬಿಯರಿನಲ್ಲಾದರೋ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜಕ್ಕೂ ಹಾಕುತ್ತಾರೆ. ಹೂಗಾರ್ಡನ್ ಊರಿನಲ್ಲಿ ಈ ಬಿಯರ್ ಪೂರ್ತಿ ನಿಂತುಹೋಗಿದ್ದಾಗ ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬಾತ 1966ರಲ್ಲಿ ಮತ್ತೆ ಶುರು ಮಾಡಿದ. ಕೊತ್ತಂಬರಿ ಬೀಜವನ್ನು ಹುರಿಯದೆ ಬೆರಳಲ್ಲಿ ಜಜ್ಜಿ ಮೂಸಿ ನೋಡಿಕೊಂಡು ಹೋಗಿ. ಸಾರಿನ ಪುಡಿಯಲ್ಲಿ ನಾವು ಹುರಿದು ಬಳಸುವ ಬೀಜಕ್ಕೆ ಹಸಿಯಾಗಿ ನಿಂಬೆಯಂಥ ಘಮ ಇರುವುದು ಆಗ ತಿಳಿಯುತ್ತದೆ.

ಎರಡನೆಯದು ಮಾಲ್ಟಿನ ಕೂಟ. ತಿಳಿಬಣ್ಣದ ಪಿಲ್ಸನರ್ ಅಥವಾ ಹೆಲ್ಲೆಸ್, ಆಮೇಲೆ ಕೆಂಪು-ಕಂದು ಬಣ್ಣದ ಆಂಬರ್ ಅಥವಾ ಡುಂಕೆಲ್, ಕೊನೆಗೆ ಕಪ್ಪು ಸ್ಟೌಟ್. ಬ್ರೆಡ್ಡು, ಬೆಲ್ಲದ ಪಾಕ, ಡಿಕಾಕ್ಷನ್ ಎಂಬ ಮೂರು ಗುರುತು ಹಿಡಿದು ಹೊರಡಿ. ಇಲ್ಲಿ ಒಡೆಯಬೇಕಾದ ತಪ್ಪು ನಂಬಿಕೆ ಒಂದಿದೆ: ಬಣ್ಣ ಕಪ್ಪಾದರೆ ಅಮಲು ಹೆಚ್ಚು ಎಂಬುದು. ಐರ್ಲೆಂಡಿನ ಗಿನ್ನೆಸ್ ಡ್ರಾಫ್ಟ್ ಸುಮಾರು ಶೇ. 4.2. ನಮ್ಮ ಅಂಗಡಿಗಳಲ್ಲಿ ಹೊಂಬಣ್ಣಕ್ಕೆ ಹೊಳೆಯುವ ಸ್ಟ್ರಾಂಗ್ ಬಿಯರುಗಳು ಶೇ. 8ರ ಹತ್ತಿರ ಹೋಗುತ್ತವೆ. ಬಣ್ಣ ಹುರಿದದ್ದರ ಗುರುತು, ಅಮಲು ಹುದುಗಿದ ಸಕ್ಕರೆಯ ಲೆಕ್ಕ.

ನಿಜವಾದ ಪಿಲ್ಸನರ್ ಸಿಕ್ಕರೆ ಬಿಡಬೇಡಿ. ಈಗಿನ ಚೆಕ್ ದೇಶದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬ್ರೂವರ್ ತಯಾರಿಸಿದ ಹೊಂಬಣ್ಣದ ಲಾಗರಿನ ಸಂತಾನವೇ ಇಂದು ಜಗತ್ತಿನ ಬಹುಪಾಲು ಬಾಟಲಿಗಳಲ್ಲಿದೆ, ಹಾಪ್ಸು ಕಡಿಮೆಯಾಗಿ, ಅಕ್ಕಿ ಜೋಳ ಸೇರಿ ತೆಳುವಾಗಿ. ಮೂಲದಲ್ಲಿ ಸಾಜ್ ಹಾಪ್ಸಿನ ಹುಲ್ಲು, ಹೂವು, ಮೆಣಸಿನ ಘಮ, ಒಳ್ಳೆಯ ಕಹಿ ಇರುತ್ತದೆ. ದೋಷ ಮುಚ್ಚಿಕೊಳ್ಳಲು ಜಾಗವೇ ಇಲ್ಲದ ಬಿಯರ್ ಇದು. ತಣ್ಣಗೆ ವಾರಗಟ್ಟಲೆ ಮಾಗಿಸಬೇಕಾದ್ದರಿಂದ ತೊಟ್ಟಿ ಬಹಳ ದಿನ ಹಿಡಿದಿಡುತ್ತದೆ. ಹಾಗಾಗಿ ಬ್ರೂಪಬ್ ಪಟ್ಟಿಯಲ್ಲಿ ಬೆಚ್ಚಗೆ ಹುದುಗಿ ಬೇಗ ತಯಾರಾಗುವ ಏಲ್ ಬಗೆಯ ಬಿಯರುಗಳೇ ಹೆಚ್ಚು. ಒಂದು ಬ್ರೂವರಿಯ ಕೈಗುಣ ಅಳೆಯಬೇಕಾದರೆ ಅಲ್ಲಿನ ಲಾಗರ್ ಕುಡಿದು ನೋಡಿ.

ಮೂರನೆಯ ಕೂಟಕ್ಕೆ ಹಾಪ್ಸ್. ಪೇಲ್ ಏಲ್ ಮೊದಲು, ಐಪಿಎ ಆಮೇಲೆ. ಇಂಡಿಯಾ ಪೇಲ್ ಏಲ್ ಎಂಬ ಹೆಸರಿನಲ್ಲಿ ನಮ್ಮ ದೇಶ ಇದ್ದರೂ ಹುಟ್ಟು ಇಂಗ್ಲೆಂಡಿನದು. ಇಲ್ಲಿದ್ದ ಬ್ರಿಟಿಷರಿಗಾಗಿ ಹಡಗಿನಲ್ಲಿ ಬರುತ್ತಿದ್ದ ತಿಳಿಬಣ್ಣದ, ಹಾಪ್ಸ್ ಹೆಚ್ಚಿದ ಬಿಯರಿನಿಂದ ಆ ಹೆಸರು ಬಂತು. ಈಗ ಪಬ್ಬಿನಲ್ಲಿ ಕುಡಿಯುವುದು ಹೆಚ್ಚಾಗಿ ಅಮೆರಿಕದ ರೂಪ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯ ಹಾಪ್ಸ್, ಅದನ್ನು ಮನಸಾರೆ ಬಳಸಿ 1980ರಲ್ಲಿ ಬಂದ ಸಿಯೆರಾ ನೆವಾಡಾ ಪೇಲ್ ಏಲ್ ಆ ದಾರಿ ಹಾಕಿದವು. ಅದರ ಘಮವನ್ನು ಪುಸ್ತಕಗಳಲ್ಲಿ ಗ್ರೇಪ್‌ಫ್ರೂಟ್ ಎನ್ನುತ್ತಾರೆ. ಅದನ್ನು ಕಾಣದವರು ಚಕ್ಕೋತ ಎಂದುಕೊಳ್ಳಿ, ಹತ್ತಿರದ ಬಂಧು. ಬೇರೆ ತಳಿಗಳಲ್ಲಿ ಮಾವಿನ ಸೊನೆ, ಸೀಬೆ, ಅನಾನಸ್, ಕೆಲವದರಲ್ಲಿ ಹಸಿ ಈರುಳ್ಳಿಯೂ ಬರುತ್ತದೆ. ಕಹಿಗೆ ಹೆದರುವವರು ಮೊದಲ ಐದು ನಿಮಿಷ ಕುಡಿಯಲೇಬೇಡಿ, ಮೂಸಿ ಮಾತ್ರ ನೋಡಿ. ಘಮಕ್ಕೆ ಮನಸ್ಸು ಒಲಿದರೆ ಕಹಿಗೆ ಒಂದು ಆಸರೆ ಸಿಗುತ್ತದೆ. ಐಪಿಎ ಇಷ್ಟಪಡುವವರೆಲ್ಲ ಇಷ್ಟಪಡುವುದು ಆ ಘಮವನ್ನೇ.

ನಾಲ್ಕನೆಯದು ಹುಳಿ. ಬೇರೆ ಊರಿನವರಿಗೆ ಕಷ್ಟವಾಗುವ ಈ ಬಗೆ ನಮಗೆ ಸಲೀಸು. ಜರ್ಮನಿಯ ಗೋಸೆ ಎಂಬ ಬಿಯರಿನಲ್ಲಿ ಲ್ಯಾಕ್ಟಿಕ್ ಆಮ್ಲದ ಹುಳಿ, ಉಪ್ಪು, ಕೊತ್ತಂಬರಿ ಬೀಜ. ನೀರು ಮಜ್ಜಿಗೆಯ ಅಣ್ಣತಮ್ಮ ಅದು. ಹುಳಿಯೂ ಅದೇ ಆಮ್ಲದ್ದು. ಮಜ್ಜಿಗೆ ಕುಡಿಯುವ ಮನಸ್ಸಿನಲ್ಲಿ ಎತ್ತಿಕೊಂಡರೆ ಮೊದಲ ಗುಟುಕಿಗೇ ಒಪ್ಪುತ್ತದೆ, ಬಿಯರ್ ಎಂದು ಎತ್ತಿಕೊಂಡರೆ ಕೆಟ್ಟುಹೋಗಿದೆ ಎನ್ನಿಸುತ್ತದೆ.

ಕೆಟ್ಟದ್ದನ್ನು ಕೆಟ್ಟದ್ದೆಂದು ಗುರುತಿಸುವುದು

ಕಲಿಯುತ್ತಿರುವವರು ದೋಷವಿರುವ ಬಿಯರನ್ನೂ ಇದೇನೋ ವಿಶೇಷ ಇರಬೇಕು ಎಂದು ಒಪ್ಪಿಕೊಳ್ಳುತ್ತಾರೆ. ಇದರಿಂದ ನಾಲಗೆಗೂ ನಷ್ಟ, ಬ್ರೂವರಿಗೂ ನಷ್ಟ. ಹೆಚ್ಚಾಗಿ ಎದುರಾಗುವವು ಇವು.

ಬೆಣ್ಣೆ, ಬಟರ್‌ಸ್ಕಾಚ್ ಐಸ್‌ಕ್ರೀಮಿನ ವಾಸನೆ, ನಾಲಗೆ ಮೇಲೆ ಜಿಡ್ಡಿನ ಜಾರು: ಡೈಅಸಿಟೈಲ್. ಹುದುಗುವಿಕೆ ಪೂರ್ತಿ ಮುಗಿಯುವ ಮೊದಲೇ ತಣ್ಣಗೆ ಮಾಡಿದರೆ ಯೀಸ್ಟಿಗೆ ಅದನ್ನು ಹೀರಿಕೊಳ್ಳಲು ಸಮಯ ಸಿಗುವುದಿಲ್ಲ. ನಲ್ಲಿಯ ಪೈಪು ತೊಳೆಯದೆ ಬಿಟ್ಟಾಗ ಬ್ಯಾಕ್ಟೀರಿಯಾದಿಂದಲೂ ಬರುತ್ತದೆ, ಆಗ ಜೊತೆಗೆ ಹುಳಿಯೂ ಇರುತ್ತದೆ. ಬೆಂದ ಮುಸುಕಿನ ಜೋಳ ಅಥವಾ ಎಲೆಕೋಸಿನ ವಾಸನೆ ತಿಳಿ ಲಾಗರಿನಲ್ಲಿ ಕಂಡರೆ ಡೈಮೀಥೈಲ್ ಸಲ್ಫೈಡ್. ಕುದಿ ಸಾಲದೆ, ಆವಿ ಹೊರಹೋಗದೆ ಉಳಿದದ್ದು. ಹಸಿರು ಸೇಬಿನ ಹಸಿ ವಾಸನೆ ಬಂದರೆ ಬಿಯರ್ ಇನ್ನೂ ಎಳಸು, ಮಾಗುವ ಮೊದಲೇ ತೆಗೆದಿದ್ದಾರೆ. ಆಸ್ಪತ್ರೆಯ ಬ್ಯಾಂಡೇಜಿನಂಥ ವಾಸನೆ ಕ್ಲೋರಿನ್ ಇದ್ದ ನೀರು ಅಥವಾ ಸರಿಯಾಗಿ ಜಾಲಿಸದ ಪಾತ್ರೆಯ ಗುರುತು.

ಅಂಗಡಿಯ ಬಾಟಲಿಯಲ್ಲಿ ಎರಡು ಬೇರೆ ಕಾಯಿಲೆ. ಒಂದು, ನೆನೆದ ರಟ್ಟಿನ ವಾಸನೆ. ಹಳೆಯದಾಗಿ, ಬಿಸಿಯಲ್ಲಿ ಕೂತು ಆಮ್ಲಜನಕ ತಾಗಿದ್ದು. ಐಪಿಎ ಇದಕ್ಕೆ ಬೇಗ ಬಲಿಯಾಗುತ್ತದೆ. ಹಾಪ್ಸ್ ಘಮ ತಿಂಗಳುಗಳಲ್ಲಿ ಬಾಡಿ ಒಣ ಕಹಿ ಮಾತ್ರ ಉಳಿಯುತ್ತದೆ. ಆದ್ದರಿಂದ ತಯಾರಾದ ತಾರೀಕು ನೋಡಿ, ಫ್ರಿಜ್ಜಿನೊಳಗೆ ಇಟ್ಟದ್ದನ್ನೇ ಕೇಳಿ, ಮನೆಯಲ್ಲಿ ನಿಲ್ಲಿಸಿ ಇಡಿ. ಎರಡನೆಯದು ಬೆಳಕಿನ ಪೆಟ್ಟು. ಬೆಳಕು ಬಿದ್ದಾಗ ಹಾಪ್ಸಿನ ಕಹಿ ವಸ್ತು ಒಡೆದು ಗಂಧಕದ ನಾತ ಹುಟ್ಟುತ್ತದೆ, ಸುಟ್ಟ ರಬ್ಬರು ಮತ್ತು ಹಳೇ ಬೆಳ್ಳುಳ್ಳಿ ಸೇರಿದ ಹಾಗೆ. ಕಂದು ಗಾಜು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ಅಷ್ಟಾಗಿ ತಡೆಯವು. ನೋಡಬೇಕೆಂದರೆ ಒಂದೇ ಬಾಟಲಿಯ ಬಿಯರನ್ನು ಎರಡು ಗಾಜಿನ ಲೋಟಕ್ಕೆ ಹಾಕಿ, ತಟ್ಟೆ ಮುಚ್ಚಿ, ಒಂದನ್ನು ಮಧ್ಯಾಹ್ನದ ಬಿಸಿಲಿಗೆ 20 ನಿಮಿಷ, ಇನ್ನೊಂದನ್ನು ಕತ್ತಲಲ್ಲಿ ಇಡಿ. ಎರಡನ್ನೂ ಮತ್ತೆ ತಣ್ಣಗೆ ಮಾಡಿ ಮೂಸಿ. ಕೆಲವು ಕಂಪನಿಗಳು ಬೆಳಕಿಗೆ ಜಗ್ಗದಂತೆ ಸಂಸ್ಕರಿಸಿದ ಹಾಪ್ಸ್ ಸಾರ ಬಳಸುತ್ತವೆ, ಅಂಥದ್ದರಲ್ಲಿ ಏನೂ ಆಗುವುದಿಲ್ಲ.

ದೋಷ ಯಾವಾಗಲೂ ಬಿಯರಿನ ಬಗೆಯನ್ನು ಅವಲಂಬಿಸಿದೆ. ಲವಂಗ ಹೆಫೆವೈಜನ್‌ಗೆ ಶೋಭೆ, ಪಿಲ್ಸನರಿಗೆ ಕಳಂಕ. ಹುಳಿ ಗೋಸೆಗೆ ಜೀವ, ಸ್ಟೌಟಿನಲ್ಲಿ ವಿನಿಗರಿನಂತೆ ಬಂದರೆ ಅಪಾಯದ ಸೂಚನೆ. ಅನುಮಾನ ಬಂದರೆ ಬಡಿಸುವವರನ್ನು ವಿನಯದಿಂದ ಕೇಳಿ. ಕೆಲಸ ಗೊತ್ತಿರುವ ಬ್ರೂಪಬ್ ಬೇರೆ ಗ್ಲಾಸು ಕೊಡುತ್ತದೆ, ತೊಟ್ಟಿ ಹೋಗಿ ನೋಡುತ್ತದೆ.

ಊಟದ ಜೊತೆ

ಕಲಿಯುವ ಗ್ಲಾಸುಗಳು ಮುಗಿದ ಮೇಲೆ ಊಟ. ಖಾರದ ಅಡುಗೆಗೆ ಐಪಿಎ ಹೊಂದುತ್ತದೆ ಎಂದು ಹಲವೆಡೆ ಬರೆದಿರುತ್ತಾರೆ, ಆದರೆ ಮೆಣಸಿನಕಾಯಿಯ ಉರಿಯನ್ನು ಕಹಿ, ಗ್ಯಾಸು, ಆಲ್ಕೋಹಾಲ್ ಮೂರೂ ಸೇರಿ ಹೆಚ್ಚಿಸುತ್ತವೆ. ಕೋಳಿ ಘೀ ರೋಸ್ಟಿಗೆ ಹೆಫೆವೈಜನ್ ಅಥವಾ ಹೆಲ್ಲೆಸ್ ಹಿತ, ಅದರ ಮೆತ್ತನೆಯ ಮಾಲ್ಟ್ ಉರಿಯನ್ನು ತಗ್ಗಿಸುತ್ತದೆ. ಬಂಗುಡೆ ಫ್ರೈ, ನೀರುದೋಸೆಗೆ ವಿಟ್‌ಬಿಯರ್, ನಿಂಬೆ ಹಿಂಡಿದ ಕೆಲಸ ಅದೇ ಮಾಡುತ್ತದೆ. ಕೊಡಗಿನ ಪಂದಿಕರಿಯ ಕಾಚಂಪುಳಿಯ ಗಾಢ ಹುಳಿಗೆ ಬೆಲ್ಲದ ಪಾಕದ ಸುಳಿವಿರುವ ಡುಂಕೆಲ್ ಸರಿಜೋಡಿ. ಸ್ಟೌಟಿಗೆ ಕಾಯಿ ಹೋಳಿಗೆ ಒಮ್ಮೆ ನೋಡಿ.

ಬರೆದಿಡಿ, ಕಣ್ಣು ಮುಚ್ಚಿ ಪರೀಕ್ಷಿಸಿ

ಪ್ರತಿ ಬಿಯರಿಗೂ ಐದು ಸಾಲು ಸಾಕು: ನೋಟ, ಘಮ, ರುಚಿ, ಬಾಯಲ್ಲಿ ಕೂರುವ ರೀತಿ, ಒಟ್ಟಾರೆ. ಅಮೆರಿಕದಲ್ಲಿ 1985ರಲ್ಲಿ ಹುಟ್ಟಿದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ ಅಂಕಪಟ್ಟಿಯಲ್ಲಿ 50ರಲ್ಲಿ ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಸ್ಪರ್ಶಕ್ಕೆ 5, ಒಟ್ಟು ಅನಿಸಿಕೆಗೆ 10. ಬಣ್ಣ, ತಿಳಿ, ನೊರೆ ಎಲ್ಲ ಸೇರಿ ಬರೀ ಮೂರು ಅಂಕ ಎಂಬುದನ್ನು ಗಮನಿಸಿ. ಚೆನ್ನಾಗಿದೆ, ಸ್ಮೂತ್ ಆಗಿದೆ ಎಂಬಂಥವನ್ನು ಬರೆಯಬೇಡಿ. ಬೆಂದ ಜೋಳ, ಪಚ್ಚಬಾಳೆ, ಅಡಿಕೆಯ ಒಗರು, ಹುರಿಗಡಲೆ ಎಂದು ಬರೆಯಿರಿ. ಆರು ತಿಂಗಳಾದ ಮೇಲೂ ಅದು ಅರ್ಥವಾಗುತ್ತದೆ.

ನಾಲಗೆ ಪಳಗಿದೆಯೇ ಎಂದು ತಿಳಿಯಲು ತ್ರಿಕೋನ ಪರೀಕ್ಷೆ ಇದೆ. ಹತ್ತಿರದ ಎರಡು ಬಿಯರ್ ಆರಿಸಿ, ಉದಾಹರಣೆಗೆ ಎರಡು ಬ್ರಾಂಡಿನ ಗೋಧಿ ಬಿಯರ್. ಸ್ನೇಹಿತರು ನಿಮಗೆ ಕಾಣದಂತೆ ಮೂರು ಸ್ಟೀಲ್ ಲೋಟಗಳಲ್ಲಿ ತಲಾ 20 ಮಿ.ಲೀ. ಹಾಕಲಿ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬಣ್ಣ ಸುಳಿವು ಕೊಡದಿರಲಿ ಎಂದೇ ಸ್ಟೀಲ್ ಲೋಟ. ಮೂರೂ ಒಂದೇ ತಣ್ಣಗಿರಬೇಕು, ಇಲ್ಲವಾದರೆ ತುಟಿಗೇ ಉತ್ತರ ಸಿಕ್ಕಿಬಿಡುತ್ತದೆ. ಬೇರೆಯದು ಯಾವುದು ಎಂದು ಹೇಳಿ. ಇದನ್ನು ಆರು ಸಲ ಮಾಡಿ. ಸುಮ್ಮನೆ ಊಹಿಸಿದರೂ ಆರರಲ್ಲಿ ಎರಡು ಸರಿಯಾಗುತ್ತದೆ. ಐದು ಸರಿಯಾದರೆ ಅದು ಅದೃಷ್ಟದ ಮಾತಲ್ಲ. ಮೂರರಲ್ಲೇ ನಿಂತರೆ ಮೊದಲ ಕೂಟದ ಗೋಧಿ ಬಿಯರುಗಳಿಗೆ ಮರಳಿ, ಈ ಸಲ ಮೂಗಿನಿಂದ ಉಸಿರು ಬಿಡುವುದಕ್ಕೆ ಹೆಚ್ಚು ಗಮನ ಕೊಡಿ.